ಪಾಚಿ ಕಳವಾದ ಪ್ರಕರಣ

೨೨ ಅಕ್ಟೋಬರ್ ೨೦೦೫, ಶನಿವಾರ, ಬೆಳಿಗ್ಗೆ ೯-೪೦. ಪುಣೆಯ ಬಾಣೇರ ಕಡೆಯ ಪೊಲೀಸ್ ಠಾಣೆಯ ಮುಂದೆ ಇಬ್ಬರು ಹೆಣ್ಣುಮಕ್ಕಳು ಸ್ಕೂಟಿಯಿಂದ ಇಳಿದು, ಕಳವಿನ ದೂರು ಕೊಡಬೇಕು ಎಂದರು. ಏನು ಕಳವಾಗಿದೆ ಎಂದು ಹವಾಲ್ದಾರ ಭೀಮಣ್ಣ ಮರಾಠಿಯಲ್ಲಿ ಕೇಳಿದ. ಪಾಚಿ, ಎಂದಳು ಮುಂದಿದ್ದವಳು. ಭೀಮಣ್ಣ ಪೆನ್ನು ನಿಲ್ಲಿಸಿ ಅವಳ ಮುಖ ನೋಡಿದ. ಬಂಗಾರದ ಸರ, ಮೋಟರ್ ಸೈಕಲ್ಲು, ಮೊಬೈಲು, ಒಮ್ಮೆ ಯಾರದೋ ಮನೆಯ ಗಿಳಿ, ಇಷ್ಟೆಲ್ಲ ಕಳವಾದದ್ದನ್ನು ಅವನು ಬರೆದುಕೊಂಡಿದ್ದುಂಟು. ಕೆರೆಯ ಪಾಚಿಯನ್ನು ಕದ್ದೊಯ್ದ ಮಹಾನುಭಾವನ ಸುದ್ದಿ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇದೇ ಮೊದಲು.

"ಇವರಿಗೆ ಹ್ಯಾಂಗ ತಿಳಿಸಿ ಹೇಳೋದು, ಸ್ನೇಹಲ್?" ಎಂದು ಆಕೆ ಹಿಂದಿದ್ದವಳ ಕಡೆ ತಿರುಗಿ ಕನ್ನಡದಲ್ಲಿ ಅಂದಳು.

ಭೀಮಣ್ಣ ಅಕ್ಕಲಕೋಟೆ ಕಡೆಯವನು. ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ. "ಅಯ್ಯ, ಕನ್ನಡದವರೇನ್ರಿ! ಮೊದಲ ಹೇಳಬಾರದೇನ್ರಿ? ಬರ್ರಿ ಒಳಗ, ನಮ್ಮ ಸಾಹೇಬರೂ ಆ ಕಡಿಯವರ ಅದಾರ."

ಸಾಹೇಬರೆಂದರೆ ಇನ್‌ಸ್ಪೆಕ್ಟರ್ ಅಂಬಾರಾಯರು. ವಯಸ್ಸು ಐವತ್ತೊಂದು. ಕೆಲಸದಲ್ಲಿ ಗಟ್ಟಿ, ಮಾತಿನಲ್ಲಿ ಒರಟು, ಮನಸ್ಸಿನಲ್ಲಿ ಮಾತ್ರ ಒಂದು ಹುಣ್ಣು. ನಾಸಿಕದ ತರಬೇತಿ ಶಾಲೆಯಲ್ಲಿ ಅವರ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಮೋಹನದಾಸ್ ಈಗ ಎಸಿಪಿ. ಅದೂ ಬೇರೆಲ್ಲೋ ಅಲ್ಲ, ಇವರ ತಲೆಯ ಮೇಲೆಯೇ; ಇವರು ಬರೆದ ಕಾಗದಕ್ಕೆ ಆತನ ಸಹಿ ಬೀಳಬೇಕು. ಆ ಹೆಸರು ಕಿವಿಗೆ ಬಿದ್ದರೆ ಸಾಕು, ಅಂಬಾರಾಯರ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು.

ದೂರು ಕೊಡಲು ಬಂದವಳು ಶಿವಾನಿ. ವಯಸ್ಸು ಮೂವತ್ತೆರಡು, ಬಾಣೇರ ಗುಡ್ಡದ ಬುಡದ ಒಂದು ಜಲ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಜೊತೆಗಿದ್ದ ಸ್ನೇಹಲ್ ಅದೇ ಸಂಸ್ಥೆಯವಳು, ಅದೇ ವಯಸ್ಸಿನವಳು, ಇಬ್ಬರೂ ಕೆಲಸಕ್ಕೆ ಸೇರಿದ್ದೂ ಒಂದೇ ದಿನ. ಇಬ್ಬರೂ ಪುಣೆಯಲ್ಲೇ ಹುಟ್ಟಿದವರು. ಮನೆಯಲ್ಲಿ ವಿಜಾಪುರ, ಜಮಖಂಡಿಯ ಮಾತು, ಹೊಸ್ತಿಲು ದಾಟಿದರೆ ಮರಾಠಿ.

"ಸರ್, ಸೊಲ್ಲಾಪುರ ಹಾದಿಯೊಳಗ ಕುಂಭಸಾಗರ ಅದ ನೋಡ್ರಿ, ಭೀಮಾ ಹೊಳಿಗೆ ಕಟ್ಟಿದ ದೊಡ್ಡ ಕೆರಿ," ಎಂದು ಶಿವಾನಿ ಸುರು ಮಾಡಿದಳು. "ಒಂದು ಉಪಗ್ರಹ ಇಪ್ಪತ್ನಾಲ್ಕು ದಿನಕ್ಕೊಮ್ಮೆ ಅದರ ಮ್ಯಾಲೆ ಹಾಯ್ದು ಚಿತ್ರ ತಗೀತದ. ಎಂಟು ವರ್ಷದ ಚಿತ್ರ ಜೋಡಿಸಿ ನೋಡಿದ್ರ ಪಾಚಿ ಎಲ್ಲಿ ಹುಟ್ಟತದ, ಯಾವ ಕಡೆ ಸರೀತದ ಅಂತ ಕಾಣತದ. ಈ ವರ್ಷ ಅದು ಮೂಡಣ ದಂಡಿಗೆ ಬಂದದ. ಹದಿಮೂರು ಹಳ್ಳಿಗೆ ಕುಡಿಯೋ ನೀರೆತ್ತೋ ಬಾವಿ ಅಲ್ಲೇ ಅದ. ಇದು ವಿಷದ ಪಾಚಿ. ಆಗಲೇ ಎಮ್ಮಿ ಸತ್ತಾವ, ಹುಡುಗರಿಗೆ ವಾಂತಿ ಹತ್ಯಾವ."

"ಮತ್ತ ಬಾವಿ ಬಂದ್ ಮಾಡಸ್ರಲ್ಲ?"

"ಇಪ್ಪತ್ತೆಂಟಕ್ಕ ಕಲೆಕ್ಟರ್ ಆಫೀಸಿನೊಳಗ ಸಮಿತಿ ಕೂಡತದ. ಬರೇ ಬಣ್ಣದ ಚಿತ್ರ ತೋರಿಸಿದ್ರ ಅವರು ಒಪ್ಪೂದಿಲ್ಲ. ಉಪಗ್ರಹ ಹಸರು ಅದ ಅಂತದ, ಲೀಟರಿಗೆ ಎಷ್ಟು ಅಂತ ಹೇಳೂದಿಲ್ಲ. ಅದಕ್ಕ ಉಪಗ್ರಹ ಹಾಯೋ ದಿನಾನ, ಅದೇ ಹೊತ್ತಿಗೆ, ಕೆರಿಯೊಳಗಿಂದ ನೀರು ತಗದು, ಸೋಸಿ, ಆ ಸೋಸಿದ ಕಾಗದ ಸೀಸೆಯೊಳಗ ಹಾಕಿ ಹೆಪ್ಪುಗಟ್ಟೋ ಥಂಡಿಯೊಳಗ ಇಡಬೇಕು. ಹತ್ತೊಂಬತ್ತಕ್ಕ ಇಪ್ಪತ್ತೈದು ಕಡೆ ನೀರು..."

"ಇಪ್ಪತ್ನಾಲ್ಕು," ಎಂದಳು ಸ್ನೇಹಲ್, ತಲೆ ಎತ್ತದೆ. "ಒಂದು ಕಡೆ ಮೀನಿನ ಬಲಿ ಹಾಕಿದ್ರು, ದೋಣಿ ಹೋಗಲಿಲ್ಲ."

"ಅವತ್ತ ಯಾಕ ಪರೀಕ್ಷಾ ಮಾಡಲಿಲ್ಲ?"

"ಪಾಚಿ ಅಳಿಯೋ ಯಂತ್ರದ ದೀಪ ಸುಟ್ಟಿತ್ತು. ಸೋಮವಾರ ಹೊಸದು ಬರತದ."

"ಮತ್ತೊಮ್ಮೆ ನೀರು ತಂದ್ರಾತು."

"ಉಪಗ್ರಹ ಮತ್ತ ಬರೋದು ನವೆಂಬರ್ ಹನ್ನೆರಡಕ್ಕರಿ," ಎಂದಳು ಶಿವಾನಿ. "ಅಲ್ಲೀಮಟ ಆ ಮಂದಿ ಅದ ನೀರು ಕುಡೀಬೇಕು."

ಎಫ್‌ಐಆರ್ ಸಂಖ್ಯೆ ೨೧೧/೨೦೦೫, ಭಾರತೀಯ ದಂಡ ಸಂಹಿತೆ ಕಲಂ ೩೮೦. ಕಳವಾದ ಮಾಲು: ಥರ್ಮಾಕೋಲ್ ಪೆಟ್ಟಿಗೆ ಒಂದು, ಅದರೊಳಗೆ ಸೀಸೆ ಇಪ್ಪತ್ನಾಲ್ಕು. ಬರೆದು ಮುಗಿಸುವಷ್ಟರಲ್ಲಿ ಠಾಣೆಯ ತುಂಬ ನಗು ಹರಿದಾಡಿ, ಹತ್ತು ಐವತ್ತಕ್ಕೆ ಎಸಿಪಿ ಆಫೀಸಿನಿಂದ ಫೋನೂ ಬಂತು.

"ಏನೋ ಅಂಬ್ಯಾ, ಕೆರೀ ಪಾಚಿ ಕಳುವಾತಂತ? ನೋಡಪಾ, ಆರೋಪಿ ಜಾರಿ ಬಿದ್ದಿರತಾನ, ಆಸ್ಪತ್ರಿಯೊಳಗ ಹುಡುಕು!" ಎಂದು ಮೋಹನದಾಸ್ ಗಹಗಹಿಸಿದ.

"ಹುಡಕ್ತೀನ್ರಿ ಸರ್," ಎಂದು ಅಂಬಾರಾಯರು ರಿಸೀವರ್ ಕುಕ್ಕಿದರು. ಆ 'ಸರ್' ಎಂಬ ಎರಡಕ್ಷರ ಗಂಟಲಿನಿಂದ ಹೊರಗೆ ಬರುವಾಗ ಪ್ರತಿ ಸಲವೂ ಕೆರೆಯುತ್ತಿತ್ತು.

೧೧-೩೦ಕ್ಕೆ ಸಂಸ್ಥೆಯ ಶೀತಲ ಕೋಣೆಯಲ್ಲಿ ಪಂಚನಾಮೆ, ಅಂದರೆ ಸ್ಥಳದ ಮಹಜರು, ಶುರುವಾಯಿತು. ಬೀಗ ಒಡೆದಿಲ್ಲ. ಬೀಗದ ಕೈ ದಿನವಿಡೀ ಕಾವಲುಗಾರನ ಮೇಜಿನ ಮೇಲಿನ ಹಲಗೆಗೆ ತೂಗಾಡುತ್ತಿರುತ್ತದೆ. ಕೋಣೆಯ ಒಳಗೆ ಸಾಲಾಗಿ ಪೆಟ್ಟಿಗೆಗಳು, ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಒಂದು ಕಾರ್ಡು. ಬೆಳಿಗ್ಗೆ ಒಂಬತ್ತಕ್ಕೆ, ಸಂಜೆ ಆರಕ್ಕೆ ಪೆಟ್ಟಿಗೆಯ ಒಳಗಿನ ಥಂಡಿ ಎಷ್ಟು ಡಿಗ್ರಿ ಎಂದು ನೋಡಿ ಅದರಲ್ಲಿ ಬರೆದು ಸಹಿ ಹಾಕಬೇಕಂತೆ.

"ಒಂದು ಹೊತ್ತು ಬಿಟ್ರ ಏನಾಗತದ?" ಎಂದು ಅಂಬಾರಾಯರು ಕೇಳಿದರು.

"ಆ ಪೆಟ್ಟಿಗಿ ಸತ್ತಂಗ್ರಿ," ಎಂದಳು ಸ್ನೇಹಲ್. "ನಡುವ ಬಿಸಿ ಆಗಿತ್ತೋ ಇಲ್ಲೋ ಯಾರಿಗೆ ಗೊತ್ತು? ಯಾರೂ ಅದರ ಅಂಕಿ ನಂಬೂದಿಲ್ಲ."

"ಕಳುವಾದ ಪೆಟ್ಟಿಗಿ ಕಾರ್ಡು?"

"ಪೆಟ್ಟಿಗಿ ಸಂಗಾಟ ಹೋಗೇದ."

ಕಾವಲುಗಾರ ಕಾಶಪ್ಪ ಕಲಬುರ್ಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಬೆನ್ನು ಹೋದ ಮೇಲೆ ಈ ಮೇಜಿಗೆ ಸೇರಿಕೊಂಡವನು. ಶುಕ್ರವಾರ ಐದು ಗಂಟೆಗೆ ಕರೆಂಟು ಹೋಯಿತು, ಆ ವರ್ಷ ಅದು ದಿನದ ಹಣೆಬರಹ. ಜನರೇಟರ್ ಹಾಕಲು ತಾನು ಹಿತ್ತಿಲಿಗೆ ಹೋದೆ, ಹಾಳಾದ್ದು ಹತ್ತು ನಿಮಿಷ ಚಾಲೂ ಆಗಲಿಲ್ಲ, ಮೇಜಿನ ಬಳಿ ಯಾರೂ ಇರಲಿಲ್ಲ ಎಂದ. "ನಾ ಬಡವ ಅದೀನ್ರಿ ಸಾಹೇಬ್ರ, ನಂಗ ಯಾಕ ಬೇಕ್ರಿ ಪಾಚಿ? ನಮ್ಮೂರಾಗ ಬಾವಿ ತುಂಬ ಅದ," ಎಂದ. ರಿಜಿಸ್ಟರಿನಲ್ಲಿ ಅಷ್ಟೊತ್ತಿಗೆ ಎಲ್ಲರೂ ಮನೆಗೆ ಹೋದ ಸಹಿ ಇತ್ತು. ಸ್ನೇಹಲ್ ನಾಲ್ಕು ಹತ್ತಕ್ಕೆ, ಶಿವಾನಿ ನಾಲ್ಕೂವರೆಗೆ. ಆರಕ್ಕೆ ಕಾರ್ಡು ಬರೆಯಲು ಮರಳಿ ಬಂದ ಸರದಿಯವನಿಗೆ ಪೆಟ್ಟಿಗೆ ಕಾಣಲಿಲ್ಲ.

ಲಾಭ ಯಾರಿಗೆ ಎಂಬುದು ಪೊಲೀಸರ ಮೊದಲ ಪಾಠ. ಕೆರೆಯ ನೀರು ವಿಷ ಎಂದು ಸರಕಾರ ಸಾರಿದರೆ ಅಲ್ಲಿಯ ಮೀನು ಹಿಡಿಯುವ ಗುತ್ತಿಗೆದಾರನ ವ್ಯಾಪಾರ ಮಣ್ಣುಪಾಲು. ಅವನ ಲಾರಿಗಳು ದಿನಾ ಐಸಿನ ಪೆಟ್ಟಿಗೆ ಹೊತ್ತು ಪುಣೆಗೆ ಬರುತ್ತವೆ. ಇನ್ನೇನು ಬೇಕು? ಸೋಮವಾರ, ೨೪ನೇ ತಾರೀಖು, ಅಂಬಾರಾಯರು ಜೀಪು ಹತ್ತಿ ಕುಂಭಸಾಗರಕ್ಕೆ ಹೋದರು. ಲಾರಿಯ ಮೂವತ್ತೊಂಬತ್ತು ಪೆಟ್ಟಿಗೆಗಳನ್ನು ತೆರೆಸಿ ನೋಡಿದರು. ಮೂವತ್ತೊಂಬತ್ತರಲ್ಲೂ ಮೀನು. ಭೀಮಣ್ಣ ಶುದ್ಧ ಶಾಕಾಹಾರಿ; ಪಾಪ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಪ್ರತಿ ಪೆಟ್ಟಿಗೆಗೂ ಶಿವ ಶಿವ ಅನ್ನುತ್ತಿದ್ದ.

ಅಲ್ಲಿ ನಿಂತು ಅಂಬಾರಾಯರು ಕೆರೆಯನ್ನು ಕಣ್ಣಾರೆ ನೋಡಿದರು. ಮೂಡಣ ದಂಡೆಯ ನೀರು ನೀರಿನಂತಿರಲಿಲ್ಲ. ಯಾರೋ ಹಸಿರು ಬಣ್ಣದ ಡಬ್ಬಿ ಮಗುಚಿದಂತಿತ್ತು. ಅದರಾಚೆ ನೀರೆತ್ತುವ ಬಾವಿಯ ಕಟ್ಟಡ, ಒಳಗೆ ಪಂಪು ಗುರ್ರೆನ್ನುತ್ತಿತ್ತು. ಕಟ್ಟಡದ ನಲ್ಲಿಗೆ ಒಬ್ಬ ಮುದುಕಿ ಕೊಡ ಹಿಡಿದು, ಅದರ ಬಾಯಿಗೆ ಅರಿವೆ ಕಟ್ಟಿ ಸೋಸಿಕೊಳ್ಳುತ್ತಿದ್ದಳು. ಅರಿವೆಯ ಮೇಲೆ ಹಸಿರು ಗೆರೆ ಬಿದ್ದಿತ್ತು. ಅಂಬಾರಾಯರಿಗೆ ಅಲ್ಲಿಯತನಕ ಇದು ನಗೆಪಾಟಲಿನ ಕೇಸು. ಆಮೇಲೆ ನಗು ಬರಲಿಲ್ಲ.

ದೋಣಿಯವನು ಮಾಂತು, ಇಂಡಿ ಕಡೆಯಿಂದ ವಲಸೆ ಬಂದವನು. ನೀರು ತೆಗೆಯಲು ಯಾರು ಬರುತ್ತಾರೆ ಎಂದು ಅಂಬಾರಾಯರು ಕೇಳಿದರು.

"ಸ್ನೇಹಲ್ ತಾಯಿ ಬರತಾರ್ರಿ, ಎಂಟು ವರ್ಷ ಆತು. ಮುಂಜಾನೆ ಆರಕ್ಕ ದೋಣಿ ಹತ್ತಿದ್ರ ಸಂಜಿಗೆ ಇಳಿತಾರ. ಉಪಗ್ರಹ ಹಾಯೋ ಹೊತ್ತಿಗೆ ನಡು ಕೆರಿಯೊಳಗ ಇರಬೇಕ್ರಿ, ಐದು ನಿಮಿಷ ತಡ ಆದ್ರ ನನಗ ಬೈತಾರ. ಕೈ ನೋಡಬೇಕ್ರಿ ಅವರದು, ಬೆರಳ ಸಂದಿ ಎಲ್ಲಾ ಒಡದಾವ."

"ಶಿವಾನಿ ಬರೂದಿಲ್ಲೇನು?"

"ಬಂದಿದ್ರಲ್ರಿ ಒಮ್ಮೆ, ದಸರಾ ಮುಂದ. ಪೇಪರಿನವರು ಬಂದಿದ್ರು. ಹೊಸಾ ಟೊಪ್ಪಿಗಿ ಹಾಕ್ಕೊಂಡು ದೋಣಿಯೊಳಗ ನಿಂತು ಫೋಟೋ ತಗಸಿದ್ರು. ನಮ್ಮ ತಾಯಿ ದಂಡಿ ಮ್ಯಾಲೆ ಬಾಟ್ಲಿ ಹಿಡಕೊಂಡು ನಿಂತಿದ್ರು. ಸ್ವಲ್ಪ ಆ ಕಡೆ ಸರೀರಿ, ಫೋಟೋದಾಗ ಬರ್ತೀರಿ ಅಂದ ಪೇಪರಿನಾಂವ."

ವಾಪಸು ಬರುವಾಗ ಜೀಪು ಯವತ ಊರು ದಾಟಿದ ಮೇಲೆ ಅಂಬಾರಾಯರು ತಟ್ಟನೆ, "ಭೀಮಣ್ಣ, ಆ ಕೋಣಿ ಬಾಗಿಲಿನಿಂದ ಸಿಂಕ್ ಎಷ್ಟು ದೂರ ಬರದೀ ಪಂಚನಾಮಾದಾಗ?" ಎಂದರು.

"ಹತ್ತು ಹೆಜ್ಜಿರಿ."

"ಗುತ್ತಿಗೆದಾರನ ಮನಿಷ್ಯಾ ಆಗಿದ್ರ ಸೀಸೆ ಬಿಚ್ಚಿ ಅಲ್ಲೇ ತೊಳದು ಹೋಗತಿದ್ದ. ಪೆಟ್ಟಿಗಿ ಯಾಕ ಹೊರತಾನ? ಕಾರ್ಡು ಯಾಕ ಒಯ್ತಾನ? ಇದನ್ನ ಒಯ್ದವರಿಗೆ ಅದು ಕೆಡಬಾರದು ಅಂತ ಅದ."

ಮಂಗಳವಾರ ೨೫ರಂದು ಮತ್ತೆ ಸಂಸ್ಥೆಗೆ ಹೋದರು. ಪಡಸಾಲೆಯ ಸೂಚನಾ ಫಲಕದಲ್ಲಿ ಆ ಪೇಪರಿನ ತುಣುಕಿತ್ತು: ಬಣ್ಣದ ನಕ್ಷೆಯ ಪಕ್ಕದಲ್ಲಿ ಶಿವಾನಿ, ಮೇಲೆ 'ಆಕಾಶದಿಂದ ಕೆರೆ ಕಾಯುವ ಹುಡುಗಿ' ಎಂಬರ್ಥದ ಮರಾಠಿ ತಲೆಬರಹ. ತಾರೀಖು, ಪುಟ ಕತ್ತರಿಸಿ ಹೋಗಿದ್ದವು. ಅಂಬಾರಾಯರು ಶಿವಾನಿಯನ್ನು ಕರೆದು, ಇದು ಯಾವತ್ತು ಬಂದದ್ದು, ಯಾವ ಪುಟದಲ್ಲಿ ಎಂದು ಸುಮ್ಮನೆ ಕೇಳಿದರು.

"ದಸರಾ ಹೊತ್ತಿಗೆ ಇರಬೇಕ್ರಿ. ಪುಟ ಗೊತ್ತಿಲ್ರಿ, ನಮ್ಮ ಅವ್ವ ಕತ್ತರಿಸಿ ತಂದಿದ್ಲು."

ಆಮೇಲೆ ಸ್ನೇಹಲಳನ್ನು ಕರೆದು ಅದನ್ನೇ ಕೇಳಿದರು.

"ಅಕ್ಟೋಬರ್ ಒಂಬತ್ತು, ರವಿವಾರ," ಎಂದಳು ಸ್ನೇಹಲ್. "ಐದನೇ ಪಾನ. ಕೆಳಗ, ಎಡಕ್ಕ. ಅದರ ಬಾಜೂಕ ಫ್ರಿಜ್ಜಿನ ಜಾಹೀರಾತು ಇತ್ತು."

"ನಿಮ್ಮ ಹೆಸರು?"

"ಎಲ್ಲಿ?"

"ಪೇಪರಿನಾಗ."

"'ಮತ್ತು ಸಹಾಯಕರು' ಅಂತ ಇತ್ತು. ಕಡೀ ಸಾಲಿನಾಗ," ಎಂದು ಹೇಳಿ ಸ್ನೇಹಲ್ ಹೊರಟುಹೋದಳು.

ಅಂಬಾರಾಯರು ಫಲಕದ ಮುಂದೆಯೇ ನಿಂತರು. ೨೦೦೨ರ ಜನವರಿ ಇಪ್ಪತ್ತೇಳು, ಮೂರನೇ ಪುಟ, ಮೇಲೆ ಬಲಕ್ಕೆ, ಪಕ್ಕದಲ್ಲಿ ಟಯರಿನ ಜಾಹೀರಾತು. ಮೋಹನದಾಸ್‌ಗೆ ಪದಕ ಸಿಕ್ಕ ದಿನದ ಫೋಟೋ ಅದು. ಆ ಮುಖದ ಮೇಲಿನ ನಗುವನ್ನು ಅವರು ಬೆಳಿಗ್ಗೆ ನೋಡಿ, ಮಧ್ಯಾಹ್ನ ನೋಡಿ, ಕಕ್ಕಸಿಗೆ ಹೋಗುವಾಗಲೂ ಒಯ್ದು ನೋಡಿದ್ದರು. ಆ ದರೋಡೆಕೋರರ ತಂಡವನ್ನು ಹದಿನೇಳು ದಿನ ಬೆನ್ನು ಹತ್ತಿದವರು ಇವರು. ಕೊನೆಯ ದಿನ ಬಾಗಿಲು ತಟ್ಟಿದವನು ಆತ. ಇಂದಿಗೂ ಮೋಹನದಾಸನನ್ನು ಕೇಳಿದರೆ ಯಾವ ಪುಟ ಎಂದು ಅವನಿಗೆ ನೆನಪಿರಲಿಕ್ಕಿಲ್ಲ. ಫೋಟೋ ಬಂದವರು ಮರೆಯುತ್ತಾರೆ. ಪಾನ ನಂಬರು ನೆನಪಿಡುವವರು ಬೇರೆ.

ಆದರೆ ಪಾನ ನಂಬರನ್ನು ಹಿಡಿದುಕೊಂಡು ಕೋರ್ಟಿಗೆ ಹೋಗಲು ಬರುವುದಿಲ್ಲ. ಮಾಲು ಬೇಕು.

ದಿನಕ್ಕೆ ಎರಡು ತಾಸು ಕರೆಂಟು ಹೋಗುವ ಊರಿನಲ್ಲಿ ಅಷ್ಟು ಥಂಡಿ ಮನೆಯ ಫ್ರಿಜ್ಜಿನಲ್ಲಿ ನಿಲ್ಲದು. ಐಸ್‌ಕ್ರೀಮಿನ ದೊಡ್ಡ ಪೆಟ್ಟಿಗೆ ಬೇಕು, ಜನರೇಟರ್ ಬೇಕು. ಮಹಿಳಾ ಪೇದೆ ಅಂಬಾಬಾಯಿ ಬುಧವಾರ ಬೆಳಿಗ್ಗೆ ಸಾದಾ ಸೀರೆಯಲ್ಲಿ ಸ್ನೇಹಲ್ ಮನೆಯ ಓಣಿಗೆ ಹೋಗಿ, ಬಾಡಿಗೆ ಮನೆ ಹುಡುಕುವ ನೆಪದಲ್ಲಿ ನೆರೆಯವರ ಜೊತೆ ಚಹಾ ಕುಡಿದು, ಮಧ್ಯಾಹ್ನಕ್ಕೆ ಸುದ್ದಿ ತಂದಳು. ಸ್ನೇಹಲಳ ಸೋದರಮಾವ ಶಿವಪುತ್ರಪ್ಪನದು ಕೋಥರೂಡಿನಲ್ಲಿ ಮಸ್ತಾನಿ ಅಂಗಡಿ. ಹಾಲು, ಐಸ್‌ಕ್ರೀಮು ಸೇರಿಸಿ ಉದ್ದ ಗ್ಲಾಸಿನಲ್ಲಿ ಕೊಡುತ್ತಾರಲ್ಲ, ಅದು.

೨೬ ಅಕ್ಟೋಬರ್, ಸಂಜೆ ೫-೨೫. ಅಂಗಡಿಯ ಮೂಲೆಯ ಮೇಜಿಗೆ ಅಂಬಾರಾಯರು, ಭೀಮಣ್ಣ, ಅಂಬಾಬಾಯಿ ಮೂವರೂ ಕುಳಿತರು. ಶಿವಪುತ್ರಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ಕನ್ನಡ ಕೇಳಿ ಖುಷಿಪಟ್ಟ. ಅಂಬಾರಾಯರು ಗುರುತಿನ ಚೀಟಿ ತೋರಿಸಿದ ಮೇಲೆ ಖುಷಿ ಇಳಿಯಿತು.

"ನಮ್ಮ ಸ್ನೇಹಲ್ ಒಂದು ಪೆಟ್ಟಿಗಿ ಇಟ್ಟಾಳ್ರಿ. ಔಷಧದ್ದಂತ, ಯಾರೂ ಮುಟ್ಟಬ್ಯಾಡ್ರಿ ಅಂದಾಳ."

"ಯಾವಾಗಿನಿಂದ?"

"ಶುಕ್ರವಾರದಿಂದ್ರಿ. ದಿನಾ ಮುಂಜಾನೆ ಒಂಬತ್ತಕ್ಕ, ಸಂಜಿ ಆರಕ್ಕ ಬಂದು ನೋಡಿ ಹೋಗತಾಳ. ಮೊನ್ನೆ ಜ್ವರ ಇತ್ತರಿ, ಆದ್ರೂ ಬಂದಿದ್ಲು. ಏನು ತಪ್ಪಾಗೇದ್ರಿ?"

ಭೀಮಣ್ಣ ಬಾಯಿ ತೆರೆದು ಸಾಹೇಬರ ಮುಖ ನೋಡಿದ. ಸಾಹೇಬರು ಗೋಡೆಯ ಗಡಿಯಾರ ನೋಡಿದರು.

ಐದು ಐವತ್ತೆಂಟಕ್ಕೆ ಸ್ನೇಹಲ್ ಬಂದಳು. ಮೂಲೆಯ ಕಡೆ ನೋಡಲಿಲ್ಲ. ಐಸ್‌ಕ್ರೀಮಿನ ಪೆಟ್ಟಿಗೆ ತೆರೆದು, ಸೀತಾಫಲದ ಡಬ್ಬಿಗಳ ಅಡಿಯಿಂದ ಥರ್ಮಾಕೋಲ್ ಪೆಟ್ಟಿಗೆ ಎತ್ತಿ, ಅದರೊಳಗಿನ ಉಷ್ಣಮಾಪಕವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಪರ್ಸಿನಿಂದ ಪೆನ್ನು ತೆಗೆದು ಕಾರ್ಡಿನಲ್ಲಿ ಬರೆದಳು. ಕೆಳಗೆ ಸಹಿ ಹಾಕಿದಳು. ಅಂಬಾರಾಯರು ಸಹಿ ಮುಗಿಯುವ ತನಕ ಕಾದು ಎದ್ದರು.

"ಎಷ್ಟದ ತಂಗಿ?"

"ಮೈನಸ್ ಹದಿನೆಂಟು," ಎಂದಳು ರೂಢಿಯಂತೆ. ಆಮೇಲೆ ತಲೆ ಎತ್ತಿದಳು.

ಇಬ್ಬರು ಗಿರಾಕಿಗಳನ್ನೇ ಸಾಕ್ಷಿ ಪಂಚರನ್ನಾಗಿ ನಿಲ್ಲಿಸಿ ೬-೧೫ಕ್ಕೆ ಜಪ್ತಿ ಪಂಚನಾಮೆ ಬರೆದರು. ಸೀಸೆ ಇಪ್ಪತ್ನಾಲ್ಕು, ಎಲ್ಲವೂ ಬೆಳಕು ತಾಗದಂತೆ ತಗಡಿನ ಕಾಗದದಲ್ಲಿ ಸುತ್ತಿದವು. ಕಾರ್ಡು ಒಂದು. ಹತ್ತೊಂಬತ್ತರ ಸಂಜೆಯಿಂದ ಇಪ್ಪತ್ತಾರರ ಸಂಜೆಯವರೆಗೆ ಹದಿನೈದು ಸಾಲು, ಒಂದು ಹೊತ್ತೂ ತಪ್ಪಿಲ್ಲ. ಠಾಣೆಗೆ ದೂರು ಕೊಡಲು ಬಂದ ಶನಿವಾರ ಬೆಳಿಗ್ಗೆಯದೂ ಇತ್ತು.

"ಕಳುವಿನ ಮಾಲಿಗೆ ದಿನಾ ಎರಡು ಹೊತ್ತು ಸಹಿ ಹಾಕ್ಯಾಳಲ್ರಿ ಸಾಹೇಬ್ರ!" ಎಂದು ಭೀಮಣ್ಣ ಪಿಸುಗುಟ್ಟಿದ. "ಇಂಥಾ ಕಳ್ಳರು ಎಲ್ಲಾ ಕಡೆ ಇದ್ರ ನಮ್ಮ ನೌಕರಿ ಭಾಳ ಹಗುರ ಆಗತಿತ್ತರಿ."

ಠಾಣೆಯಲ್ಲಿ ಅಂಬಾಬಾಯಿಯ ಸಮಕ್ಷಮ ವಿಚಾರಣೆ ನಡೆಯಿತು.

"ಯಾವಾಗ ತಗೊಂಡಿ?"

"ಶುಕ್ರವಾರ ಐದು ದಾಟಿತ್ತು. ಕರೆಂಟ್ ಹೋದ ಮ್ಯಾಲೆ. ಕಾಶಪ್ಪ ಹಿತ್ತಲ ಗೇಟು ತಗದ ಇಟ್ಟು ಜನರೇಟರ್ ಹತ್ರ ನಿಂದ್ರತಾನ."

"ಸಂಗಾಟ ಯಾರು?"

"ಯಾರಿಲ್ಲ."

"ಸಿಂಕಿಗೆ ಯಾಕ ಚೆಲ್ಲಲಿಲ್ಲ?"

"ಅದಕ್ಕ ಹೋಗಿದ್ದೆ. ಮೊದಲನೇ ಸೀಸೆ ಬಿಚ್ಚಲಿಕ್ಕೆ ಆಗಲಿಲ್ಲ." ಅವಳು ತನ್ನ ಒಡೆದ ಬೆರಳುಗಳನ್ನು ನೋಡಿಕೊಂಡಳು. "ನಾ ತಗದದ್ದರಿ ಅದು. ಅಕಿ ಏಸಿ ಖೋಲಿಯೊಳಗ ಕುಂತು ಚಿತ್ರ ನೋಡತಾಳ. ಚಿತ್ರದ ಮ್ಯಾಲಿನ ಒಂದೊಂದು ಚುಕ್ಕಿಗೆ ನಾ ನೀರಿಗೆ ಹೋಗೇನಿ."

"ಮತ್ತ ಏನು ಮಾಡಾಕಿ ಇದ್ದಿ?"

"ಇಪ್ಪತ್ತೊಂಬತ್ತಕ್ಕ ತಂದು ಇಡಾಕಿ ಇದ್ದೆ. ಇಪ್ಪತ್ತೆಂಟಕ್ಕ ಅಕಿ ಎಲ್ಲಾರ ಮುಂದ ಬರಿಗೈಲೆ ನಿಂದ್ರಬೇಕಿತ್ತು. ಒಂದು ದಿನ. 'ಬರೇ ಬಣ್ಣದ ಚಿತ್ರ ತಂದೀರೇನು' ಅಂತ ಒಬ್ಬರಾದ್ರೂ ಅಕಿಗೆ ಕೇಳಬೇಕಿತ್ತು."

"ಸಮಿತಿ ಆಮ್ಯಾಲೆ ಯಾವಾಗ ಕೂಡತಿತ್ತು?"

ಅವಳು ಬೆರಳ ಸಂದಿಯ ಒಡಕನ್ನು ಉಗುರಿನಿಂದ ಕೆರೆದಳು.

"ನಿನಗ ಗೊತ್ತಿತ್ತು."

"ದೀಪಾವಳಿ ಮುಗದ ಮ್ಯಾಲೆ," ಎಂದಳು ಸ್ನೇಹಲ್. "ಗೊತ್ತಿತ್ತರಿ. ರಾತ್ರಿ ಮಲಗಿದ್ರ ಆ ಹಳ್ಳಿ ಹುಡುಗರು ಕಣ್ಮುಂದ ಬರತಿದ್ರು. ಮುಂಜಾನೆ ಶಿವಾನಿ ಮಾರಿ ನೋಡಿದ್ರ ಮತ್ತ ಹೊಟ್ಟಿ ಉರೀತಿತ್ತು. ಅಕಿ ಕೆಟ್ಟಾಕಿ ಅಲ್ರಿ. ಕೆಟ್ಟಾಕಿ ಇದ್ದಿದ್ರ ಚಲೋ ಇತ್ತು."

ಸಂಜೆ ಏಳೂವರೆಗೆ ಬಂಧನದ ವರದಿ ಸಿದ್ಧವಾಯಿತು. ಕಲಂ ೩೮೧ ಸೇರಿತು: ನೌಕರಳೇ ಮಾಲೀಕರ ಸ್ವತ್ತನ್ನು ಕದ್ದದ್ದು. ಕೇಸು ಮುಗಿಯಿತು, ಮೋಹನದಾಸ್ ಇನ್ನು ನಗಲಾರ ಎಂದು ಅಂಬಾರಾಯರು ಮೀಸೆ ತೀಡಿಕೊಳ್ಳುವಷ್ಟರಲ್ಲಿ ಶಿವಾನಿ ಓಡಿಬಂದು ಕೇಳಿದಳು: "ಸರ್, ಸೀಸೆ ಯಾವಾಗ ಕೊಡ್ತೀರಿ?"

ಕೊಡುವ ಹಾಗಿರಲಿಲ್ಲ. ಅದೀಗ ಮುದ್ದೆಮಾಲು, ಕೇಸಿನ ಸಾಕ್ಷ್ಯ; ನ್ಯಾಯಾಧೀಶರ ಅಪ್ಪಣೆಯಿಲ್ಲದೆ ಒಂದು ಸೀಸೆಯ ಮುಚ್ಚಳ ತೆಗೆದರೂ ತಪ್ಪು. ಅರ್ಜಿ, ಸರಕಾರಿ ವಕೀಲರ ಅಭಿಪ್ರಾಯ, ತಾರೀಖು ಎಂದು ವಾರ ಹಿಡಿಯುತ್ತದೆ. ಸಮಿತಿ ಕೂಡಲು ಉಳಿದದ್ದು ನಡುವೆ ಒಂದೇ ದಿನ. ದಾರಿ ಒಂದಿತ್ತು: ಎಸಿಪಿ ಖುದ್ದಾಗಿ ಹೇಳಿದರೆ ಕಾಗದ ಓಡುತ್ತದೆ.

ಗುರುವಾರ ಬೆಳಿಗ್ಗೆ ಅಂಬಾರಾಯರು ಫೋನಿನ ಮುಂದೆ ಇಪ್ಪತ್ತು ನಿಮಿಷ ಕುಳಿತರು. ಎರಡು ಸಲ ರಿಸೀವರ್ ಎತ್ತಿ ಇಟ್ಟರು. ಮೂರು ವರ್ಷದಲ್ಲಿ ಆತನಿಂದ ಒಂದು ಗುಟುಕು ಚಹಾವನ್ನೂ ಕೇಳಿ ಪಡೆದವರಲ್ಲ. ಬೇಡವೇ ಬೇಡ, ಕಾನೂನು ಇದ್ದಂತೆ ಆಗಲಿ ಎನ್ನಿಸಿತು. ಅರಿವೆಯಲ್ಲಿ ನೀರು ಸೋಸುತ್ತಿದ್ದ ಮುದುಕಿ ನೆನಪಾಗಿ, ತಾವು ಈಗ ಮಾಡುತ್ತಿರುವುದು ಸ್ನೇಹಲ್ ಮಾಡಿದ್ದನ್ನೇ ಎಂದು ಹೊಳೆದು, ನಾಚಿಕೆಯಾಗಿ ನಂಬರು ತಿರುಗಿಸಿದರು.

"ಮೋಹನದಾಸ, ನಿನ್ನ ಸಹಾಯ ಬೇಕಾಗೇದ."

"ಹೇಳೋ ಅಂಬ್ಯಾ," ಎಂದ. ಪೂರ್ತಿ ಕೇಳಿಸಿಕೊಂಡ. ನಗಲಿಲ್ಲ, ಚೇಷ್ಟೆ ಮಾಡಲಿಲ್ಲ. ಸ್ವತಃ ಕೋರ್ಟಿಗೆ ಹೋಗಿ ನಿಂತು ಮಧ್ಯಾಹ್ನ ಎರಡಕ್ಕೆ ಅಪ್ಪಣೆ ತಂದ. ಅಂಬಾರಾಯರಿಗೆ ಅದಕ್ಕಿಂತ ಆತ ನಕ್ಕಿದ್ದರೆ ಹಗುರವಾಗುತ್ತಿತ್ತು.

ಹೊಸ ದೀಪ ಹಾಕಿದ ಯಂತ್ರ ರಾತ್ರಿಯವರೆಗೆ ನಡೆಯಿತು. ೨೮ ಅಕ್ಟೋಬರ್, ಶುಕ್ರವಾರ, ೧೧ ಗಂಟೆಗೆ ಸಮಿತಿ ಕೂಡಿತು. ಮುದ್ದೆಮಾಲಿನ ಜೊತೆ ಅಂಬಾರಾಯರೂ ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದರು. ಶಿವಾನಿ ಉಪಗ್ರಹದ ನಕ್ಷೆ ತೋರಿಸಿದಳು, ಪಕ್ಕದಲ್ಲಿ ಇಪ್ಪತ್ನಾಲ್ಕು ಅಂಕಿಗಳನ್ನು ಇಟ್ಟಳು. ಹಸಿರು ಗಾಢವಾದಲ್ಲೆಲ್ಲ ಅಂಕಿಯೂ ದೊಡ್ಡದಿತ್ತು. ಬಾವಿಯ ಹತ್ತಿರದ್ದು ಎಲ್ಲಕ್ಕಿಂತ ದೊಡ್ಡದು.

ಅಧ್ಯಕ್ಷರು ಕನ್ನಡಕ ತೆಗೆದರು. ಐದು ದಿನ ಈ ಪೆಟ್ಟಿಗೆ ಕಳ್ಳರ ಕೈಯಲ್ಲಿತ್ತು ಎಂದು ಪೊಲೀಸ್ ಕಾಗದದಲ್ಲೇ ಇದೆ, ಆ ಐದು ದಿನದ ಥಂಡಿಯ ಲೆಕ್ಕ ಬರೆದವಳು ಆರೋಪಿ, ಇದನ್ನು ಯಾವ ಆಧಾರದ ಮೇಲೆ ನಂಬಬೇಕು ಎಂದು ಮರಾಠಿಯಲ್ಲಿ ಕೇಳಿದರು. ಶಿವಾನಿಯ ಗಲ್ಲ ಕೆಂಪಾಯಿತು. ಗೆಳತಿ ತನ್ನ ಬೆನ್ನಿಗೆ ಇರಿದ ನೋವು ಅವಳ ಮುಖದ ಮೇಲೆ ಇನ್ನೂ ಹಸಿಯಾಗಿತ್ತು.

"ನಾವಿಬ್ಬರೂ ಎಂಟು ವರ್ಷ ಜೊತೆಗೆ ಕೆಲಸ ಮಾಡಿದ್ದೇವೆ," ಎಂದಳು ಮರಾಠಿಯಲ್ಲೇ. "ಅವಳು ನನ್ನದನ್ನು ಕದ್ದಿರಬಹುದು. ಸುಳ್ಳು ಅಂಕಿ ಬರೆಯುವವಳಲ್ಲ. ಆ ಕಾರ್ಡಿಗೆ ನಾನು ಸಹಿ ಹಾಕುತ್ತೇನೆ."

ಹಾಕಿದಳು. ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಬಾವಿ ಬಂದ್ ಮಾಡುವ ಆದೇಶ ಹೊರಟಿತು. ಸಂಜೆಯ ಹೊತ್ತಿಗೆ ಹದಿಮೂರು ಹಳ್ಳಿಗೂ ಟ್ಯಾಂಕರು ಹೋದವು.

ಐದು ಗಂಟೆಗೆ ಅಂಬಾರಾಯರು ಕೋಠಡಿಯ ಸರಳಿನ ಮುಂದೆ ಬಂದು ನಿಂತರು. ಗುರುವಾರ ಕೋರ್ಟು ಪೊಲೀಸ್ ಕಸ್ಟಡಿಗೆ ಒಪ್ಪಿಸಿದ್ದ ಸ್ನೇಹಲ್ ಗೋಡೆಗೆ ಒರಗಿ ಕುಳಿತಿದ್ದಳು.

"ಬಾವಿ ಬಂದ್ ಮಾಡಿದ್ರೇನ್ರಿ?"

"ಮಾಡಿದ್ರು."

ಅವಳು ಕಣ್ಣು ಮುಚ್ಚಿ ಉಸಿರು ಬಿಟ್ಟಳು. ನಿಜವಾಗಿಯೂ ಅವಳಿಗೆ ಸಮಾಧಾನವಾಗಿತ್ತು. ಅಂಬಾರಾಯರು ಅಷ್ಟನ್ನು ಗುರುತಿಸಬಲ್ಲರು. "ಕಾರ್ಡು ಒಪ್ಪಿದ್ರೇನ್ರಿ? ನಾ ಬರದದ್ದು?"

"ಮೊದಲ ಒಪ್ಪಲಿಲ್ಲ. ಆಮ್ಯಾಲೆ ಶಿವಾನಿ ಎದ್ದು ನಿಂತು, ಸ್ನೇಹಲ್ ಸುಳ್ಳು ಅಂಕಿ ಬರಿಯೂದಿಲ್ಲ ಅಂತ ಹೇಳಿ ಸಹಿ ಹಾಕಿದ್ಲು."

ಸ್ನೇಹಲ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಚಿಕ್ಕ ಮಕ್ಕಳು ಅಳುವ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಅಂಬಾಬಾಯಿ ನೀರಿನ ಲೋಟ ಹಿಡಿದು ಓಡಿಬಂದಳು.

"ಅದನ್ನೂ ಅಕೀನ ಹೇಳಬೇಕಾಗಿತ್ತೇನ್ರಿ?" ಎಂದಳು ಸ್ನೇಹಲ್. "ಅಲ್ಲೂ ಅಕೀನ ದೊಡ್ಡಾಕಿ ಆದ್ಲಲ್ರಿ!"

ಅಂಬಾಬಾಯಿ ಅರ್ಥವಾಗದೆ ಸಾಹೇಬರ ಮುಖ ನೋಡಿದಳು. ಸಾಹೇಬರು ತಮ್ಮ ಕೋಣೆಗೆ ಹೋದರು.

ಕೇಸ್ ಡೈರಿಯ ಕೊನೆಯ ಹಾಳೆ ಉಳಿದಿತ್ತು. ಅಪರಾಧದ ಉದ್ದೇಶ ಏನೆಂದು ಬರೆಯಬೇಕು, ನಾಳೆ ಅದು ಎಸಿಪಿಯ ಮೇಜಿಗೆ ಹೋಗಬೇಕು. ಭೀಮಣ್ಣ ಎಂದಿನಂತೆ ಪೆನ್ನು ತೆಗೆದು, "ಹೇಳ್ರಿ ಸಾಹೇಬ್ರ, ಏನು ಬರೀಲಿ?" ಎಂದ. ಅಂಬಾರಾಯರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಮೋಹನದಾಸ್ ಓದುತ್ತಾನೆ, ಓದಿದ ಕೂಡಲೇ ಯಾರ ಕೈಬರಹವೆಂದು ಅವನಿಗೆ ಗೊತ್ತಾಗುತ್ತದೆ ಎಂದು ಬಲ್ಲರು. ಮತ್ಸರ, ಎಂದು ತಮ್ಮ ಕೈಯಿಂದಲೇ ಬರೆದು, ಕೆಳಗೆ ಹೆಸರು, ದಿನಾಂಕ ಹಾಕಿದರು.